ಕಮ್ಮಾರ ಕಂಡಿದ್ದು ಬೇರೆಯವರ ಫೋನಿನಲ್ಲಿ

ಸ್ವೀಡನ್ನಿನ ಗೋಟ್ಲಂಡ್ ದ್ವೀಪಕ್ಕೆ ಹಡಗಿನಲ್ಲಿ ಮೂರು ಗಂಟೆಗೂ ಜಾಸ್ತಿ ಕೂತು ಹೋಗಿದ್ದೆವು. ಅಲ್ಲಿನ ವಿಸ್ಬಿ ಊರಿನಲ್ಲಿ ಆಗಸ್ಟ್ ತಿಂಗಳಲ್ಲಿ ಮಧ್ಯಯುಗದ ಹಬ್ಬ. ಶುರುವಾಗಿದ್ದು 1984ರಲ್ಲಿ. 1361ರಲ್ಲಿ ಡೆನ್ಮಾರ್ಕಿನ ದೊರೆ ವಾಲ್ಡೆಮಾರ್ ಆ ಊರಿಗೆ ನುಗ್ಗಿದ ನೆನಪಿಗೆ.

ಕುದುರೆ, ಕತ್ತಿ ಎಲ್ಲ ಇರಲಿ. ನನಗೆ ಬೇಕಿದ್ದಿದ್ದು ಕಮ್ಮಾರನ ಕೆಲಸ ನೋಡೋದು. ಕಬ್ಬಿಣ ಕೆಂಪಗಾಗಿ, ಕಿತ್ತಳೆ ಬಣ್ಣಕ್ಕೆ ತಿರುಗಿದ ಮೇಲೆ ಅಡಿಗಲ್ಲಿನ ಮೇಲಿಟ್ಟು ಬಡಿಯಬೇಕು. ಆರಿದರೆ ಮತ್ತೆ ಕುಲುಮೆಗೆ. ಆ ಬಣ್ಣ ಕಣ್ಣಾರೆ ನೋಡಬೇಕು, ಅಲ್ವಾ?

ಕಬ್ಬಿಣ ಹೊರಗೆ ಬಂತು. ಅಷ್ಟೇ, ಮುಂದಿನ ಸಾಲಿನಲ್ಲಿ ಇಪ್ಪತ್ತು ಕೈ ಮೇಲೆದ್ದವು, ಇಪ್ಪತ್ತು ಫೋನ್. ಒಬ್ಬ ಮಹಾಶಯರು ಉದ್ದನೆಯ ಕೋಲಿಗೇ ಸಿಕ್ಕಿಸಿದ್ದರು! ಮೈಮೇಲೆ ನಾರಿನ ಅಂಗಿ, ಸೊಂಟಕ್ಕೆ ಚರ್ಮದ ಚೀಲ, ಕೈಯಲ್ಲಿ ಸೆಲ್ಫಿ ಕೋಲು. ಯಾವ ಶತಮಾನದವರೋ.

ನಾನು ಮೊಳೆ ತಯಾರಾಗಿದ್ದನ್ನು ಅವರ ಫೋನಿನ ಪರದೆಯಲ್ಲೇ ನೋಡಿದೆ. ಅದರಲ್ಲಿ ಕಬ್ಬಿಣ ಬರೀ ಬಿಳಿ ಚುಕ್ಕೆ. ನಡುವೆ ಅವರಿಗೆ ಒಂದು ಕರೆ ಬಂತು. ಕಮ್ಮಾರನೂ ಮಾಯ.