ಹಣೆಬರಹಕ್ಕೊಂದು ಮುಹೂರ್ತ

ನನ್ನ ತಂಗಿಗೆ ಸಿಸೇರಿಯನ್ ಮಾಡಲೇಬೇಕೆಂದು ವೈದ್ಯೆ ಹೇಳಿದ ಸಂಜೆ, ನಮ್ಮ ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಪಂಚಾಂಗ ಬಿಡಿಸಿ ಕುಳಿತರು. ಮೂರು ದಿನಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಬಹುದಿತ್ತು. ಮೊದಲ ದಿನ ಆಶ್ಲೇಷಾ ನಕ್ಷತ್ರ; ಹುಟ್ಟುವುದು ಹೆಣ್ಣಾದರೆ ಮುಂದೆ ಅತ್ತೆಗೆ ಆಗಿಬರುವುದಿಲ್ಲವೆಂದು ಅದನ್ನು ತಳ್ಳಿಹಾಕಿದರು. ಮರುದಿನ ಗುರುವಾರ ಮಖಾ, ಆದರೆ ಆಪರೇಷನ್ ಥಿಯೇಟರ್ ಸಿಗುವುದು ಮಧ್ಯಾಹ್ನ ಎರಡಕ್ಕೆ, ಅಂದರೆ ರಾಹುಕಾಲದ ನಡುಮಧ್ಯೆ. ಕೊನೆಗೆ ಶುಕ್ರವಾರ ಹತ್ತೂವರೆಗೆ ರಾಹುಕಾಲ ಹಿಡಿಯುವುದರೊಳಗೆ, ಒಳ್ಳೆಯ ಲಗ್ನ ಇರುವಾಗಲೇ ಮಗು ಹೊರಬರಬೇಕೆಂದು ತೀರ್ಮಾನವಾಯಿತು. ಆ ವೈದ್ಯೆಗೆ ಇದೇನೂ ಹೊಸದಾಗಿರಲಿಲ್ಲ. ‘ಟೈಮ್ ಬರೆದುಕೊಡಿ, ನೋಡೋಣ’ ಎಂದರು.

ಇದೇ ದೊಡ್ಡಮ್ಮ, ಮನೆಯಲ್ಲಿ ಏನೇ ಎಡವಟ್ಟಾದರೂ ‘ಹಣೆಯಲ್ಲಿ ಬರೆದದ್ದನ್ನು ತಪ್ಪಿಸೋಕಾಗುತ್ತಾ’ ಎನ್ನುವವರು. ಹುಟ್ಟಿದ ಗಳಿಗೆಯೇ ಬದುಕನ್ನು ನಿರ್ಧರಿಸುತ್ತದೆ ಎಂದು ನಂಬುವವರು ಆ ಗಳಿಗೆಯನ್ನು ತಾವೇ ಆರಿಸುವುದೆಂದರೆ, ಬ್ರಹ್ಮನ ಕೈ ಹಿಡಿದು ತಮಗೆ ಬೇಕಾದಂತೆ ಬರೆಸಿದ ಹಾಗಲ್ಲವೇ? ಮೂಢನಂಬಿಕೆ ವಿಧಿವಾದದ ಕೂಸು ಎಂದು ನಾವು ವಿಚಾರವಾದಿಗಳು ಹೇಳಿಕೊಂಡು ಬಂದಿರುವುದು ಅರ್ಧ ತಪ್ಪೆಂದು ನನಗೆ ಅಂದಿನಿಂದ ಅನ್ನಿಸುತ್ತಿದೆ. ಎಲ್ಲವೂ ಪೂರ್ವನಿಶ್ಚಿತವೆಂದು ನಿಜವಾಗಿಯೂ ನಂಬಿದವನು ಪರಿಹಾರ ಕೇಳಲು ಜ್ಯೋತಿಷಿಯ ಬಳಿಗೆ ಹೋಗುವುದಿಲ್ಲ; ಹೋಗುವವನಿಗೆ ಪುರುಷಪ್ರಯತ್ನದ ಮೇಲೆ ಇರಬೇಕಾದುದಕ್ಕಿಂತ ಹೆಚ್ಚೇ ಭರವಸೆ ಇರುತ್ತದೆ.

1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್, ಹಸಿದ 8 ಪಾರಿವಾಳಗಳಿಗೆ, ಅವು ಏನೇ ಮಾಡಲಿ ಬಿಡಲಿ, ನಿಗದಿತ ಅಂತರದಲ್ಲಿ ಕಾಳು ಸಿಗುವಂತೆ ಏರ್ಪಾಡು ಮಾಡಿದ್ದರು. ಅವುಗಳಲ್ಲಿ 6 ಪಾರಿವಾಳಗಳು, ಕಾಳು ಬರುವುದು ತಮ್ಮಿಂದಲೇ ಎಂಬಂತೆ, ತಮ್ಮದೇ ವ್ರತ ಹಿಡಿದವು: ಒಂದು ಪಂಜರದೊಳಗೆ ಪ್ರದಕ್ಷಿಣೆ ಹಾಕತೊಡಗಿತು, ಇನ್ನೊಂದು ಮೇಲಿನ ಮೂಲೆಗೆ ಮತ್ತೆ ಮತ್ತೆ ತಲೆ ಚಾಚುತ್ತಿತ್ತು. ಆ ವರ್ತನೆಗೆ ಬೇರೆಯೇ ಕಾರಣವಿದೆಯೆಂದು ಮುಂದೆ ಇತರ ಸಂಶೋಧಕರು ತಕರಾರು ತೆಗೆದರು. ಪಾರಿವಾಳಗಳ ವಿಷಯ ಹಾಗಿರಲಿ. ಅಮೆರಿಕದವರೇ ಆದ ಮನೋವಿಜ್ಞಾನಿ ಎಲೆನ್ ಲ್ಯಾಂಗರ್ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದವರು ಮನುಷ್ಯರೇ. 1 ಡಾಲರಿನ ಲಾಟರಿ ಟಿಕೆಟನ್ನು ಮಾರುವಿರಾ ಎಂದು ಕೇಳಿದಾಗ, ಬೇರೆಯವರು ಆರಿಸಿ ಕೊಟ್ಟ ಟಿಕೆಟ್ ಹಿಡಿದಿದ್ದವರು ಸರಾಸರಿ 2 ಡಾಲರಿನಷ್ಟು ಕೇಳಿದರೆ, ಸ್ವತಃ ಆರಿಸಿಕೊಂಡವರು 8 ಡಾಲರಿಗೂ ಹೆಚ್ಚು ಕೇಳಿದರು. (ನಮ್ಮಲ್ಲಿ 2007ರಲ್ಲಿ ಲಾಟರಿ ನಿಂತಿತು, ಆದರೂ ಗಡಿ ದಾಟಿ ಕೇರಳದಲ್ಲಿ ಟಿಕೆಟ್ ಕೊಳ್ಳುವ ನನ್ನ ಸ್ನೇಹಿತರೊಬ್ಬರು, ಕಂತೆಯ ಮೇಲಿನದನ್ನು ಬಿಟ್ಟು ನಡುವಿನಿಂದಲೇ ಎಳೆದುಕೊಳ್ಳುತ್ತಾರೆ.)

ನಮ್ಮ ಆಯ್ಕೆಗಳು ನಮ್ಮ ಕೈಯಲ್ಲೇ ಇವೆಯೆಂಬ ಇಚ್ಛಾಸ್ವಾತಂತ್ರ್ಯವೇ ಸುಳ್ಳೆಂದು ಜನರಿಗೆ ಮನವರಿಕೆ ಮಾಡಿಕೊಟ್ಟರೆ ಏನಾದೀತು? ಹಾಗೆ ಹೇಳುವ ಬರಹವನ್ನು ಓದಿದ ವಿದ್ಯಾರ್ಥಿಗಳು ಹೆಚ್ಚು ಮೋಸ ಮಾಡಿದರೆಂದು 2008ರ ಒಂದು ಅಧ್ಯಯನ ಹೇಳಿದಾಗ ಜಗತ್ತಿನಾದ್ಯಂತ ಗದ್ದಲವೆದ್ದಿತ್ತು. ಅದೇ ಪ್ರಯೋಗವನ್ನು ಮತ್ತೆ ಮಾಡಿದವರಿಗೆ ಆ ಫಲಿತಾಂಶ ಸಿಗಲಿಲ್ಲ. ಇಂಥ 145 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ನಂಬಿಕೆ ಒಂದಿಷ್ಟು ಸಡಿಲವಾಗುವುದು ಕಂಡಿತೇ ಹೊರತು ನಡತೆ ಬದಲಾದುದಕ್ಕೆ ಗಟ್ಟಿಯಾದ ಆಧಾರ ಕಾಣಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವಿಧಿ, ಸ್ವಪ್ರಯತ್ನ ಎರಡನ್ನೂ ನಾವು ಒಂದೇ ಚೀಲದಲ್ಲಿಟ್ಟುಕೊಂಡು, ಸಂದರ್ಭಕ್ಕೆ ತಕ್ಕದ್ದನ್ನು ಹೊರತೆಗೆಯುವವರು. ಕೆಲಸಕ್ಕೆ ಮೊದಲು ಮುಹೂರ್ತ, ಕೆಟ್ಟ ಮೇಲೆ ಪ್ರಾರಬ್ಧ.

ಇದನ್ನು ನಕ್ಕು ಬಿಟ್ಟುಬಿಡಬಹುದಿತ್ತು, ಆದರೆ ಕೈಮೀರಿದ್ದನ್ನು ಕೈಯಲ್ಲಿದೆಯೆಂದು ನಂಬಿದ ಕೂಡಲೇ ತಪ್ಪಿತಸ್ಥರೂ ಬೇಕಾಗುತ್ತಾರೆ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆಯೇ ‘ಆ ಶಾಂತಿ ಮಾಡಿಸಿದ್ದರೆ ಉಳಿಯುತ್ತಿತ್ತು’ ಎಂದು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿ ತನ್ನ ನಕ್ಷತ್ರವನ್ನು ಆರಿಸಿಕೊಂಡವಳಲ್ಲ, ಆದರೂ ತಾನು ಇನ್ನೂ ಕಾಣದ ಮಾವನ ಆಯುಷ್ಯಕ್ಕೆ ಅವಳೇ ಹೊಣೆ. 2017ರ ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯ್ದೆ ಜ್ಯೋತಿಷ್ಯ ಮತ್ತು ವಾಸ್ತುವನ್ನು ಹೊರಗಿಟ್ಟಿದೆ. ಮನೆಯೊಳಗೆ ಮೆಲುದನಿಯಲ್ಲಿ ಆಡುವ ಇಂಥ ಮಾತುಗಳನ್ನು ತಡೆಯುವ ಕಾಯ್ದೆಯಂತೂ ಇರಲಾರದು.

ಶುಕ್ರವಾರ ತುರ್ತು ಕೇಸೊಂದು ಬಂದು ತಂಗಿಯ ಸರದಿ ತಡವಾಯಿತು. ಹೆಣ್ಣುಮಗು. ಒಳಗಿನ ಗೋಡೆ ಗಡಿಯಾರ ನೋಡಿ ನರ್ಸ್ 10:33 ಎಂದು ಬರೆದುಕೊಂಡರು. ದೊಡ್ಡಮ್ಮ ತಮ್ಮ ಮೊಬೈಲನ್ನು ಅವರ ಮುಂದೆ ಹಿಡಿದು, ಆಸ್ಪತ್ರೆಯ ಗಡಿಯಾರ ಐದು ನಿಮಿಷ ಮುಂದಿದೆ ಎಂದು ಸಾಧಿಸಿ, ಜಾತಕಕ್ಕೆ 10:28 ಎಂದೇ ಬರೆಸಿದರು.