ತೆರೆದ ಗಿಟಾರ್ ಪೆಟ್ಟಿಗೆ, ಹೆಗಲ ಮೇಲಿನ ಜೋಳಿಗೆ

ಜನವರಿಯ ಸುಡುಬಿಸಿಲಿನಲ್ಲಿ ಸಿಡ್ನಿಯಿಂದ ಐದು ಗಂಟೆ ಕಾರು ಓಡಿಸಿ ಟ್ಯಾಮ್‌ವರ್ತ್‌ಗೆ ಹೋಗಿದ್ದೆ. ದನ, ಕುರಿ, ಕುದುರೆಗಳ ಸೀಮೆಯ ಸಣ್ಣ ಪಟ್ಟಣ ಅದು. 1973ರಲ್ಲಿ ಶುರುವಾದ ಅಲ್ಲಿನ ಕಂಟ್ರಿ ಸಂಗೀತದ, ಅಂದರೆ ಗಿಟಾರ್ ಹಿಡಿದು ಹಳ್ಳಿಗಾಡಿನ ಬದುಕನ್ನು ಹಾಡುವ ಸಂಗೀತದ, ಹಬ್ಬ ಈಗ ಹತ್ತು ದಿನ ನಡೆಯುತ್ತದೆ. ಊರಿನ ಹೆದ್ದಾರಿ ಬದಿಯಲ್ಲಿ 12 ಮೀಟರ್ ಎತ್ತರದ ಚಿನ್ನದ ಬಣ್ಣದ ಗಿಟಾರ್ ನಿಂತಿದೆ. ಟಿಕೆಟ್ ಕೊಂಡು ಕೇಳುವ ದೊಡ್ಡ ಗಾಯಕರ ಸಂಗೀತ ಕಛೇರಿಗಳೂ ಉಂಟು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಪೀಲ್ ಬೀದಿ.

ಊರಿನ ಮುಖ್ಯ ಅಂಗಡಿಬೀದಿ ಅದು. ಹಬ್ಬದ ದಿನಗಳಲ್ಲಿ ಅಲ್ಲಿ ವಾಹನ ಸಂಚಾರ ನಿಲ್ಲಿಸಿ ಬೀದಿಯನ್ನು ಹಾಡುವವರಿಗೆ ಬಿಟ್ಟುಕೊಡುತ್ತಾರೆ. ಇವರನ್ನು ಬಸ್ಕರ್‌ಗಳೆನ್ನುತ್ತಾರೆ. ಸ್ಥಳೀಯ ಆಡಳಿತದ ಪರವಾನಗಿ ಪಡೆದು ಬಂದವರು ಅಂಗಡಿಗಳ ಮುಂದೆ ಸಾಲಾಗಿ ನಿಲ್ಲುತ್ತಾರೆ. ಔಷಧಿ ಅಂಗಡಿಯೊಂದರ ನೆರಳಿನಲ್ಲಿ ಹತ್ತು ಹನ್ನೊಂದರ ಹುಡುಗಿ ಪಿಟೀಲು ನುಡಿಸುತ್ತಿದ್ದಳು. ನಾಲ್ಕು ಹೆಜ್ಜೆ ಆಚೆ, ಎಪ್ಪತ್ತು ದಾಟಿದ ಅಜ್ಜ ಮೌತ್ ಆರ್ಗನ್ ಊದುತ್ತಿದ್ದರು. ಎದುರಿಗೆ ತೆರೆದಿಟ್ಟ ಗಿಟಾರ್ ಪೆಟ್ಟಿಗೆ, ಅದರಲ್ಲಿ ಎರಡು ಡಾಲರಿನ ನಾಣ್ಯಗಳು. ಹಣ ಹಾಕುವವರ ಮುಖದಲ್ಲಿ ಕನಿಕರವಿರಲಿಲ್ಲ, ಪಡೆಯುವವರ ಮುಖದಲ್ಲಿ ಸಂಕೋಚವೂ ಇರಲಿಲ್ಲ. ಇದನ್ನು ಕಂಡು ನನ್ನ ಗಂಟಲು ಕಟ್ಟಿತು.

ಏಕೆಂದರೆ ನಾನು ಕೊಳ್ಳೇಗಾಲದ ಕಡೆಯವನು. ಅದೇ ಹೊತ್ತಿಗೆ, ಬನದ ಹುಣ್ಣಿಮೆಗೆ, ನಮ್ಮ ಚಿಕ್ಕಲ್ಲೂರಿನಲ್ಲಿ ಸಂತ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಜಾತ್ರೆ. ಐದು ದಿನ ನೀಲಗಾರರು, ಅಂದರೆ ಈ ಪರಂಪರೆಯ ಗಾಯಕರು, ತಂಬೂರಿ ಮೀಟಿ, ಗಗ್ಗರ ಕುಣಿಸಿ ಮಂಟೇಸ್ವಾಮಿಯ ಕತೆ ಹಾಡುತ್ತಾರೆ. ಅದು ಮೂರು ನಿಮಿಷದ ಹಾಡಲ್ಲ. ಒಮ್ಮೆ ಎತ್ತಿಕೊಂಡರೆ ಬೆಳಗಾಗುತ್ತದೆ. ದೀಕ್ಷೆ ಪಡೆದು ನೀಲಗಾರನಾದವನು ಮನೆಮನೆಗೆ ಹೋಗಿ ಭಿಕ್ಷೆ ಬೇಡುವುದೂ ಆ ದೀಕ್ಷೆಗೆ ಸೇರಿದ್ದು. ಕತೆಯೊಳಗೂ ಅದೇ ಇದೆ: ಸಿದ್ದಪ್ಪಾಜಿ ಹಲಗೂರಿನ ಕಮ್ಮಾರರಾದ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗಿ ಪಡಬಾರದ ಕಷ್ಟ ಪಡುತ್ತಾನೆ. ಬೇಡುವುದು ದೊಡ್ಡ ಕೆಲಸ ಎಂದು ನಂಬಿದ ಪರಂಪರೆ ಅದು.

ಇಂಥ ಪರಂಪರೆಯ ಗಾಯಕನಿಗೆ ನಮ್ಮ ಪೇಟೆಬೀದಿಯಲ್ಲಿ ಸಿಗುವುದೇನು? ಕೆಲವು ವರ್ಷಗಳ ಹಿಂದೆ ರಜೆಯಲ್ಲಿ ಊರಿಗೆ ಹೋದಾಗ ನೋಡಿದೆ. ಬಸ್ ನಿಲ್ದಾಣದ ಹತ್ತಿರ ತಂಬೂರಿ ಹಿಡಿದ ಮುದುಕರೊಬ್ಬರು ಪದ ಎತ್ತಿದ ಕೂಡಲೇ ಅಂಗಡಿಯವನು ಒಂದು ರೂಪಾಯಿ ಕೊಟ್ಟು, 'ಮುಂದೆ ಹೋಗು' ಎಂದ. ಹಾಡು ನಿಲ್ಲಿಸಲು ಕೊಟ್ಟ ದುಡ್ಡು ಅದು. ಅದೇ ಮುದುಕರು ಸರ್ಕಾರದ ಉತ್ಸವದಲ್ಲಿ ವೇದಿಕೆ ಹತ್ತಿದರೆ ಶಾಲು ಹೊದಿಸಿ 'ಹಿರಿಯ ಜಾನಪದ ಕಲಾವಿದರು' ಎನ್ನುತ್ತೇವೆ. ವೇದಿಕೆಯಿಂದ ಇಳಿದು ಬೀದಿಗೆ ಬಂದರೆ ಮತ್ತೆ ಏಕವಚನ. ಜಾತಿಯ ಲೆಕ್ಕವೂ ಇದರಲ್ಲಿ ಸೇರಿಕೊಂಡಿದೆ ಎಂಬುದು ಊರಿನಲ್ಲಿ ಬೆಳೆದ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ.

ಟ್ಯಾಮ್‌ವರ್ತ್‌ನಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುವುದಿಲ್ಲ. ಅಲ್ಲಿನ ಎಷ್ಟೋ ಎಳೆಯರಿಗೆ ಬೀದಿ ಒಂದು ಮೆಟ್ಟಿಲು. ಅಲ್ಲಿನ ಸ್ಟಾರ್ ಮೇಕರ್ ಸ್ಪರ್ಧೆಯನ್ನು 1990ರಲ್ಲಿ ಗೆದ್ದ ಕೀತ್ ಅರ್ಬನ್ ಜಗತ್ಪ್ರಸಿದ್ಧನಾದ. ಅಂಥ ಕನಸು ಆ ಬೀದಿಯಲ್ಲಿ ಓಡಾಡುತ್ತಿರುತ್ತದೆ. ಕೇಳುಗರೂ ಒಂದು ಹಾಡು ಕೇಳಿ ಮುಂದಿನವರ ಬಳಿಗೆ ಸಾಗುತ್ತಾರೆ. ರಾತ್ರಿಯಿಡೀ ಕಂಬಳಿ ಹೊದ್ದು ಕುಳಿತು, ಕತೆಯಲ್ಲಿ ಸಿದ್ದಪ್ಪಾಜಿ ನೊಂದಾಗ ಕಣ್ಣೊರೆಸಿಕೊಳ್ಳುವ ಕೇಳುಗ ಚಿಕ್ಕಲ್ಲೂರಿನವನೇ.

ಆದರೂ ಬೀದಿಯ ವಿಷಯದಲ್ಲಿ ಅವರಿಂದ ನಾವು ಕಲಿಯಲೇಬೇಕು. ಕೊಳ್ಳೇಗಾಲದಲ್ಲೋ ಮಳವಳ್ಳಿಯಲ್ಲೋ ಜಾತ್ರೆಯ ಐದು ದಿನ ಒಂದು ಬೀದಿಯಲ್ಲಿ ವಾಹನ ಸಂಚಾರ ನಿಲ್ಲಿಸಲಿ. ಪುರಸಭೆ ನೀಲಗಾರರಿಗೆ, ಕಂಸಾಳೆಯವರಿಗೆ, ಗೊರವರಿಗೆ ಜಾಗ ಗುರುತಿಸಿ, ನೆರಳು ಹಾಕಿಸಿ, ಕುಡಿಯಲು ನೀರಿಡಲಿ. ಕಿವಿ ಕಿತ್ತುಹೋಗುವ ಧ್ವನಿವರ್ಧಕಗಳನ್ನು ಅಷ್ಟು ದಿನ ದೂರವಿಡಲಿ. ಇದಕ್ಕೆ ಬೇಕಾದದ್ದು ಕೋಟಿಗಳ ಅನುದಾನವಲ್ಲ.

ಪಿಟೀಲಿನ ಹುಡುಗಿಯ ಪೆಟ್ಟಿಗೆಗೆ ಐದು ಡಾಲರ್ ಹಾಕಲು ನಾನು ಅವಳ ನುಡಿಸಾಣಿಕೆ ಮುಗಿಯುವವರೆಗೆ ಕಾದೆ. ನಮ್ಮ ಅವ್ವ ಹಾಗೆಯೇ ಮಾಡುತ್ತಿದ್ದಳು. ಮೊರದಲ್ಲಿ ರಾಗಿ ಹಿಡಿದು ಬಾಗಿಲಲ್ಲಿ ನಿಂತವಳು, ಪದ ಮುಗಿದು ತಂಬೂರಿ ಸುಮ್ಮನಾಗುವವರೆಗೆ ಜೋಳಿಗೆಗೆ ಸುರಿಯುತ್ತಿರಲಿಲ್ಲ.