ಹೆಸರಿನ ಮೇಲೊಂದು ಹೆಸರು: ನೋಂದಣಿಗೆ ಕಂಪನಿ ಆಕ್ಷೇಪಿಸುವುದು ಸರಿಯೇ?

ಕಾಫಿ ಪುಡಿ, ಜೇನುತುಪ್ಪ, ಏಲಕ್ಕಿ, ಕರಿಮೆಣಸು, ಕಾಚಂಪುಳಿ ಎಂಬ ಹುಳಿ ರಸ, ಮನೆಯಲ್ಲೇ ಮಾಡಿದ ಚಾಕೊಲೇಟು ಮುಂತಾದವನ್ನು ತಮ್ಮದೇ ಹೆಸರಿನ ಪೊಟ್ಟಣದಲ್ಲಿ ಮಾರುವ ಬೆಳೆಗಾರರನ್ನು ಕೊಡಗಿನಲ್ಲಿ ಈಗ ಊರೂರಿನಲ್ಲೂ ಕಾಣಬಹುದು. ಹೀಗೆ ಇಟ್ಟುಕೊಂಡ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಅರ್ಜಿ ಹಾಕಿದ ಮೇಲೆ ಅದು ನೋಂದಣಿ ಕಚೇರಿ ಹೊರಡಿಸುವ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಆ ದಿನದಿಂದ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದೆಂದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಹೋಲುವ ಹೆಸರನ್ನು ಮೊದಲೇ ನೋಂದಾಯಿಸಿಕೊಂಡಿರುವ ಕಂಪನಿಯೊಂದು, ಗಿರಾಕಿಗಳಿಗೆ ಗೊಂದಲವಾಗುತ್ತದೆ ಎಂಬ ಕಾರಣ ಕೊಟ್ಟು ಸ್ಥಳೀಯ ಬೆಳೆಗಾರರ ಅರ್ಜಿಯನ್ನು ಹೀಗೆ ತಡೆಯುವುದು ಸರಿಯೇ ಎಂಬ ಪ್ರಶ್ನೆಗೆ ಇಬ್ಬರು ಬೆಳೆಗಾರರು ಇಲ್ಲಿ ಉತ್ತರಿಸಿದ್ದಾರೆ.

ಪರ: ಕೊಳ್ಳುವವರ ನೆನಪನ್ನು ಯಾರಾದರೂ ಕಾಯಬೇಕು

ನಾವು ತೋಟದ ಅರೇಬಿಕಾವನ್ನು ಮನೆಯಲ್ಲೇ ಹುರಿದು, ಪುಡಿ ಮಾಡಿ ಮಾರಲು ಆರಂಭಿಸಿ ಕೆಲವು ವರ್ಷಗಳಾಗಿದ್ದಾಗ ಬೆಂಗಳೂರಿನ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ, ಈ ಸಲದ ಪುಡಿಗೆ ಚಿಕೋರಿ ಅತಿಯಾಗಿದೆ, ಮುಗ್ಗಲು ವಾಸನೆಯೂ ಬರುತ್ತಿದೆ ಎಂದು ಬೇಸರಪಟ್ಟುಕೊಂಡರು. ನಾವು ಚಿಕೋರಿ ಬೆರೆಸುವುದೇ ಇಲ್ಲ. ಪೊಟ್ಟಣದ ಚಿತ್ರ ತರಿಸಿ ನೋಡಿದರೆ, ಹೆಸರಿನ ಮೊದಲ ಎರಡು ಅಕ್ಷರಗಳು ನಮ್ಮವು, ಕಡು ಹಸಿರು ಬಣ್ಣ ನಮ್ಮದು, ಕಾಫಿ ಹಣ್ಣಿನ ಗೊಂಚಲು ಬಿಡಿಸಿದ್ದ ಮೂಲೆಯೂ ಅದೇ. ಪೊಟ್ಟಣ ಮಾತ್ರ ಬೇರೆಯವರದು. ಮಡಿಕೇರಿಗೆ ಪ್ರವಾಸ ಬಂದಿದ್ದ ಅವರ ಮಗ ಅಂಗಡಿಯಲ್ಲಿ ಅವಸರದಲ್ಲಿ ಕೊಂಡು ಹೋಗಿದ್ದನಂತೆ. ವಿಷಯ ತಿಳಿದ ಮೇಲೆ ಅವರು ನಮ್ಮ ಮೇಲೆ ತಪ್ಪು ಹೊರಿಸಲಿಲ್ಲ, ಆದರೆ ಮುಂದೆ ಆರ್ಡರ್ ಕೂಡ ಕೊಡಲಿಲ್ಲ. ಆ ದಿನದಿಂದ ಹೆಸರುಗಳ ಹೋಲಿಕೆ ಎನ್ನುವುದು ನನ್ನ ಮಟ್ಟಿಗೆ ವಕೀಲರ ಕೊಠಡಿಯ ವಿಷಯವಾಗಿ ಉಳಿದಿಲ್ಲ.

ಎರಡು ಪೊಟ್ಟಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಯಾರಿಗಾದರೂ ಕಾಣುತ್ತದೆ. ಆದರೆ ಯಾವ ಗಿರಾಕಿಯೂ ಹಾಗೆ ಕೊಳ್ಳುವುದಿಲ್ಲ. 1962ರಲ್ಲಿ ‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಎಂಬ ಎರಡು ಔಷಧಿಗಳ ಹೆಸರಿನ ವ್ಯಾಜ್ಯವನ್ನು ತೀರ್ಮಾನಿಸುವಾಗ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಅಳತೆಗೋಲು ಇದೇ: ಸಾಧಾರಣ ಬುದ್ಧಿಯ, ಅರೆಬರೆ ನೆನಪಿನ ಕೊಳ್ಳುವವನು ಹೆಸರನ್ನು ಬಿಡಿಸಿ ಅದರ ಅರ್ಥವನ್ನು ವಿಚಾರಿಸುತ್ತ ಕೂರುವುದಿಲ್ಲ, ಇಡೀ ಹೆಸರು ಅವನ ಕಿವಿಗೆ ಹೇಗೆ ಬೀಳುತ್ತದೆ, ನೆನಪಿನಲ್ಲಿ ಹೇಗೆ ಉಳಿಯುತ್ತದೆ ಎಂಬುದನ್ನು ನೋಡಬೇಕು. 2001ರಲ್ಲಿ ಕ್ಯಾಡಿಲಾ ಔಷಧ ಕಂಪನಿಗಳ ವ್ಯಾಜ್ಯದ ತೀರ್ಪಿನಲ್ಲಿ ಅದೇ ನ್ಯಾಯಾಲಯ, ಎಲ್ಲರಿಗೂ ಸಮಾನವಾದ ಒಂದು ಭಾಷೆಯಿಲ್ಲದ ನಮ್ಮ ದೇಶದ ಪರಿಸ್ಥಿತಿಯನ್ನೂ ಗಮನದಲ್ಲಿಟ್ಟುಕೊಳ್ಳಬೇಕೆಂದು ಹೇಳಿತು. ಈ ಮಾತು ನಮ್ಮ ಜಿಲ್ಲೆಗೆ ಎಷ್ಟು ಹೊಂದುತ್ತದೆ ಎಂಬುದನ್ನು ಕುಶಾಲನಗರದ ಹೆದ್ದಾರಿಯ ಯಾವುದಾದರೂ ಸಂಬಾರ ಪದಾರ್ಥದ ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ನೋಡಬೇಕು. ಕನ್ನಡ, ಮಲಯಾಳಂ, ತಮಿಳು, ಕೊಡವ, ಹಿಂದಿ ಎಲ್ಲವೂ ಅಲ್ಲಿ ಕೇಳುತ್ತವೆ, ಪೊಟ್ಟಣದ ಮೇಲಿನ ಬರಹ ಹೆಚ್ಚಾಗಿ ಇಂಗ್ಲಿಷಿನದು, ಬಸ್ಸು ಹೊರಡುವ ಹೊತ್ತು ಬೇರೆ. ಅಂಥಲ್ಲಿ ಬಣ್ಣ ನೋಡಿ, ಹೆಸರಿನ ಒಂದು ತುಣುಕು ನೆನಪಿಸಿಕೊಂಡು ಕೊಳ್ಳುವವರನ್ನು ಅಜಾಗರೂಕರೆಂದು ದೂರುವುದು ಸರಿಯಲ್ಲ.

ಕಂಪನಿಯ ಆಕ್ಷೇಪಣೆಯನ್ನು ದಬ್ಬಾಳಿಕೆಯೆಂದು ಕರೆಯುವವರು ಅದು ಯಾವ ಹಂತದಲ್ಲಿ ಬರುತ್ತದೆ ಎಂಬುದನ್ನು ಗಮನಿಸುವುದಿಲ್ಲ. ಅರ್ಜಿ ಪ್ರಕಟವಾದ ಕೂಡಲೇ ಬರುವ ಆಕ್ಷೇಪಣೆ, ಅರ್ಜಿದಾರರು ಆ ಹೆಸರಿನಲ್ಲಿ ಅಂಗಡಿ ತೆರೆದು, ಸಾವಿರಾರು ಪೊಟ್ಟಣ ಅಚ್ಚು ಹಾಕಿಸಿದ ಮೇಲೆ ನ್ಯಾಯಾಲಯದಿಂದ ಬರುವ ತಡೆಯಾಜ್ಞೆಗಿಂತ ಎಷ್ಟೋ ಮೃದುವಾದದ್ದು. ಸುಮ್ಮನಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ನಿದರ್ಶನವಿದೆ. ಬೆಂಗಳೂರಿನ ಖೋಡೆ ಸಂಸ್ಥೆ 1968ರಿಂದ ‘ಪೀಟರ್ ಸ್ಕಾಟ್’ ಹೆಸರಿನಲ್ಲಿ ವಿಸ್ಕಿ ತಯಾರಿಸುತ್ತಿತ್ತು. ಅದು ತನಗೆ ತಿಳಿದದ್ದು 1974ರಲ್ಲಿ ಎಂದು ಒಪ್ಪಿಕೊಂಡ ಸ್ಕಾಚ್ ವಿಸ್ಕಿ ಅಸೋಸಿಯೇಷನ್, ನೋಂದಣಿಯನ್ನು ತೆಗೆದುಹಾಕಬೇಕೆಂದು ಅರ್ಜಿ ಹಾಕಿದ್ದು 1986ರಲ್ಲಿ. 2008ರಲ್ಲಿ ಸುಪ್ರೀಂ ಕೋರ್ಟ್ ಖೋಡೆ ಸಂಸ್ಥೆಯ ಪರವಾಗಿ ತೀರ್ಪು ಕೊಟ್ಟಾಗ ಆ ವಿಳಂಬವೂ ಒಂದು ಮುಖ್ಯ ಕಾರಣವಾಗಿತ್ತು. ಇದನ್ನು ಓದಿದ ಯಾವ ಕಂಪನಿ ತಾನೇ ಹೋಲುವ ಹೆಸರೊಂದು ಜರ್ನಲ್‌ನಲ್ಲಿ ಕಂಡಾಗ ಕಣ್ಣುಮುಚ್ಚಿ ಕೂರುತ್ತದೆ? ಹೆಸರನ್ನು ಕಾಪಾಡಿಕೊಳ್ಳದವರ ಹಕ್ಕು ಸವೆಯುತ್ತದೆ ಎಂದು ಕಾನೂನೇ ಹೇಳುತ್ತಿರುವಾಗ, ಕಾಪಾಡಿಕೊಳ್ಳುವವರನ್ನು ದೂಷಿಸುವುದರಲ್ಲಿ ಅರ್ಥವಿಲ್ಲ.

ಆಕ್ಷೇಪಿಸುವವರೆಲ್ಲ ದೊಡ್ಡ ಬಂಡವಾಳದವರು ಎಂಬ ಕಲ್ಪನೆಯೂ ಸರಿಯಲ್ಲ. ‘ನಂದಿನಿ’ ಎಂಬ ಹೆಸರಿಗಾಗಿ ಆಕ್ಷೇಪಣೆ ಸಲ್ಲಿಸಿದ್ದು ಹಳ್ಳಿಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಗಳನ್ನು ಬೆನ್ನಿಗಿಟ್ಟುಕೊಂಡ ಕರ್ನಾಟಕ ಹಾಲು ಮಹಾಮಂಡಳ. ಆನ್‌ಲೈನ್‌ನಲ್ಲಿ ಆಕ್ಷೇಪಣೆ ಸಲ್ಲಿಸಲು 2017ರ ನಿಯಮಗಳು ಗೊತ್ತುಮಾಡಿದ ಶುಲ್ಕ ಸರಕುಗಳ ಒಂದು ವರ್ಗಕ್ಕೆ 2,700 ರೂಪಾಯಿ. ನೋಂದಣಿಯೇ ಇಲ್ಲದಿದ್ದರೂ ಬಹುಕಾಲದಿಂದ ಹೆಸರು ಬಳಸುತ್ತ ಬಂದು ವಿಶ್ವಾಸ ಗಳಿಸಿರುವವರು 11ನೇ ಕಲಮಿನ ಮೂರನೇ ಉಪಕಲಂ ಹಿಡಿದು ಆಕ್ಷೇಪಿಸಬಹುದು. ಎಂದರೆ, ನಾಳೆ ಹೊರಗಿನ ದೊಡ್ಡ ಕಂಪನಿಯೊಂದು ನಾಪೋಕ್ಲಿನ ಸಣ್ಣ ಬೆಳೆಗಾರರ ಹೆಸರನ್ನು ತನ್ನದಾಗಿಸಿಕೊಳ್ಳಲು ಹೊರಟರೆ ಆ ಬೆಳೆಗಾರರ ಕೈಯಲ್ಲೂ ಇದೇ ಆಯುಧ ಇರುತ್ತದೆ. ನನ್ನ ಪೊಟ್ಟಣವನ್ನು ಅನುಕರಿಸಿದವರು ತಮ್ಮ ಹೆಸರಿನ ನೋಂದಣಿಗೆ ಅರ್ಜಿ ಹಾಕಿದ ಸುದ್ದಿ ನನಗೆ ಗೊತ್ತಾದದ್ದು ನಾಲ್ಕು ತಿಂಗಳು ಮುಗಿದ ಮೇಲೆ. ಆ ಅವಧಿಯನ್ನು ವಿಸ್ತರಿಸುವ ಅಧಿಕಾರ ನೋಂದಣಿಯ ಅಧಿಕಾರಿಯಾದ ರಿಜಿಸ್ಟ್ರಾರರಿಗೂ ಇಲ್ಲ. ಜರ್ನಲ್ ವಾರಕ್ಕೊಮ್ಮೆ ಬರುತ್ತದೆ. ಈಗ ಪ್ರತಿ ಸೋಮವಾರ ರಾತ್ರಿ, ಕಾಫಿ ಪುಡಿ ಸೇರುವ 30ನೇ ವರ್ಗದ ಪುಟಗಳನ್ನು ನಾನೇ ನೋಡುತ್ತೇನೆ.

ವಿರೋಧ: ಬೆಟ್ಟ, ನದಿ, ಒಕ್ಕದ ಹೆಸರಿಗೆ ಬೇಲಿ ಬೇಡ

ಪೊಟ್ಟಣದ ಬಣ್ಣ, ಅಕ್ಷರ, ಚಿತ್ರ ಎಲ್ಲವನ್ನೂ ಕದಿಯುವವರನ್ನು ತಡೆಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಅದು ಮೋಸ. ನನ್ನ ತಕರಾರು ಇರುವುದು ಬೇರೆ ಕಡೆ. ಕೊಡಗಿನಲ್ಲಿ ನಾವು ಸರಕಿಗೆ ಹೆಸರಿಡುವಾಗ ಹೊಸ ಪದ ಸೃಷ್ಟಿಸುವುದು ಕಡಿಮೆ. ಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ, ಇಗ್ಗುತ್ತಪ್ಪ ಎಂದು ಕಣ್ಣೆದುರಿನ ನದಿಯನ್ನೋ ಬೆಟ್ಟವನ್ನೋ ದೇವರನ್ನೋ ನೆನೆದು ಇಡುತ್ತೇವೆ, ಇಲ್ಲವೇ ಮನೆತನದ ಹೆಸರನ್ನೇ ಬರೆಸುತ್ತೇವೆ. ಇವುಗಳಲ್ಲಿ ಒಂದನ್ನು ಯಾರೋ ಮೊದಲು ನೋಂದಾಯಿಸಿಕೊಂಡರು ಎಂಬ ಮಾತ್ರಕ್ಕೆ, ಆಮೇಲೆ ಅದೇ ಪದವನ್ನು ತನ್ನ ಹೆಸರಿನ ಒಂದು ಭಾಗವಾಗಿ ಬರೆಸಿದ ಪ್ರತಿಯೊಬ್ಬರ ಅರ್ಜಿಗೂ ಆಕ್ಷೇಪಣೆ ಹಾಕುತ್ತ ಹೋಗುವುದನ್ನು ಕೊಳ್ಳುವವರ ರಕ್ಷಣೆ ಎಂದು ಕರೆಯಲು ನನಗೆ ಸಾಧ್ಯವಿಲ್ಲ.

ಒಕ್ಕದ ಹೆಸರಿನ ವಿಷಯವನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕೊಡವರಲ್ಲಿ ಒಂದೇ ಮೂಲಪುರುಷನ ಸಂತತಿಯವರೆಲ್ಲ ಒಂದು ಒಕ್ಕ. ಪೂರ್ವಜರ ಕಾಲದ ಐನ್‌ಮನೆ ಒಂದು, ಪೂರ್ವಜರನ್ನು ಪೂಜಿಸುವ ಕೈಮಡ ಒಂದು, ಹೆಸರಿನ ಮೊದಲು ಬರುವ ಮನೆತನದ ಹೆಸರೂ ಒಂದು. ಒಕ್ಕದ ಮಕ್ಕಳು ಪಾಲಾಗಿ ಒಬ್ಬರು ವಿರಾಜಪೇಟೆಯ ಕಡೆ, ಒಬ್ಬರು ಸೋಮವಾರಪೇಟೆಯ ಕಡೆ, ಇನ್ನೊಬ್ಬರು ಮೈಸೂರಿನಲ್ಲಿ ನೆಲೆಸಿದ್ದರೂ ಆ ಹೆಸರು ಎಲ್ಲರದ್ದೂ ಹೌದು. ಈಗ ದೊಡ್ಡಪ್ಪನ ಮಗನೊಬ್ಬ ಕಂಪನಿ ಕಟ್ಟಿ ಒಕ್ಕದ ಹೆಸರನ್ನೇ ಕಾಫಿ ಪುಡಿಗೆ ನೋಂದಾಯಿಸಿಕೊಂಡ ಎಂದಿಟ್ಟುಕೊಳ್ಳಿ. ಮರುವರ್ಷ ಆ ಕಂಪನಿ ಪಾಲುದಾರರ ಕೈಗೆ, ಅಲ್ಲಿಂದ ಇನ್ನಾರದೋ ಕೈಗೆ ಹೋಗಬಹುದು. ಹೆಸರೂ ಅದರ ಜೊತೆ ಹೋಗುತ್ತದೆ. ಆಮೇಲೆ ಚಿಕ್ಕಪ್ಪನ ಮಗಳು ತನ್ನ ಪಾಲಿನ ತೋಟದ ಜೇನಿಗೆ ಅದೇ ಹೆಸರಿಟ್ಟು ಅರ್ಜಿ ಹಾಕಿದರೆ, ಒಕ್ಕದ ಹಿರಿಯರನ್ನು ಎಂದೂ ನೋಡದ ವಕೀಲರು ಆಕೆ ಇನ್ನೊಬ್ಬರ ಹೆಸರನ್ನು ಕದ್ದಿದ್ದಾಳೆಂದು ಬರೆಯುತ್ತಾರೆ. ತನ್ನ ಹೆಸರನ್ನು ಪ್ರಾಮಾಣಿಕವಾಗಿ ಬಳಸುವವರಿಗೆ ಅಡ್ಡಿ ಮಾಡುವಂತಿಲ್ಲವೆಂದು 35ನೇ ಕಲಂ ಹೇಳುತ್ತದೆ, ನಿಜ. ಆದರೆ ಅದು ಬಳಕೆಗೆ ಸಿಗುವ ಗುರಾಣಿ, ನೋಂದಣಿ ಕೊಡಿಸುವುದಿಲ್ಲ. ಜೇನು ಮಾರಬಹುದು, ಹೆಸರನ್ನು ಮಾತ್ರ ದಾಖಲೆಯಲ್ಲಿ ತನ್ನದೆಂದು ಬರೆಸಿಕೊಳ್ಳಲಾಗದು ಎಂಬ ಸ್ಥಿತಿ ಒಕ್ಕದ ಮಗಳಿಗೆ ಬಂದರೆ ಅದು ನೋವಿನ ಸಂಗತಿ.

ಊರು, ಬೆಟ್ಟಗಳ ಹೆಸರಿನ ಬಗ್ಗೆ ಕಾನೂನು ಇದಕ್ಕಿಂತ ಸ್ಪಷ್ಟವಾಗಿದೆ. ಸರಕು ಎಲ್ಲಿಯದು ಎಂಬುದನ್ನಷ್ಟೇ ಸೂಚಿಸುವ ಪದ, ದೀರ್ಘ ಬಳಕೆಯಿಂದ ಒಬ್ಬರ ಗುರುತಾಗಿ ಬೆಳೆದಿದ್ದರೆ ಹೊರತು, ನೋಂದಣಿಗೆ ತಕ್ಕುದಲ್ಲವೆಂದು 9ನೇ ಕಲಂ ಹೇಳುತ್ತದೆ. ಸಿಗರೇಟಿಗೆ ‘ಸಿಮ್ಲಾ’ ಎಂಬ ಹೆಸರಿನ ನೋಂದಣಿಯನ್ನು ಕಲ್ಕತ್ತಾ ಹೈಕೋರ್ಟ್ ನಿರಾಕರಿಸಿದ ಹಳೆಯ ತೀರ್ಪು ಇಂದಿಗೂ ಉಲ್ಲೇಖವಾಗುತ್ತದೆ. ಹಲವು ಪದಗಳ, ಚಿತ್ರಗಳ ಜೋಡಣೆಯನ್ನು ಒಟ್ಟಾಗಿ ನೋಂದಾಯಿಸಿದವರಿಗೆ ಆ ಒಟ್ಟು ಗುರುತಿನ ಮೇಲೆ ಹಕ್ಕು ಬರುತ್ತದೆಯೇ ಹೊರತು, ಅದರೊಳಗಿನ ಸಾಮಾನ್ಯ ಪದವೊಂದರ ಮೇಲೆ ಬರುವುದಿಲ್ಲವೆಂಬುದು 17ನೇ ಕಲಮಿನ ಸಾರ. ಕೊಡವರ ಉಡುಪಾದ ಕುಪ್ಯ ತೊಟ್ಟು, ನಡುವಿಗೆ ಚೇಲೆ ಸುತ್ತಿ, ಪೀಚೆಕತ್ತಿ ಸಿಕ್ಕಿಸಿಕೊಂಡ ಗಂಡಸಿನ ಚಿತ್ರ ಎಷ್ಟು ಪೊಟ್ಟಣಗಳ ಮೇಲಿಲ್ಲ! ಅದು ಯಾರ ಸ್ವತ್ತು?

ಪರವಾಗಿ ವಾದಿಸುವವರು ನೆನಪಿಸುವ ನಂದಿನಿ ವ್ಯಾಜ್ಯದ ಕೊನೆಯನ್ನೂ ಹೇಳಬೇಕು. ಮಹಾಮಂಡಳ ಆ ಹೆಸರನ್ನು 1985ರಿಂದ ಹಾಲಿಗೆ, ಬೆಂಗಳೂರಿನ ಹೋಟೆಲ್ ಸಂಸ್ಥೆ 1989ರಿಂದ ತನ್ನ ಹೋಟೆಲುಗಳಿಗೆ ಬಳಸುತ್ತಿದ್ದವು. ರಿಜಿಸ್ಟ್ರಾರರು ಆಕ್ಷೇಪಣೆಯನ್ನು ತಳ್ಳಿಹಾಕಿದರು, ಮೇಲ್ಮನವಿ ಮಂಡಳಿ ಆಕ್ಷೇಪಣೆಯನ್ನು ಎತ್ತಿಹಿಡಿಯಿತು, ಹೈಕೋರ್ಟ್ ಮಂಡಳಿಯನ್ನು ಒಪ್ಪಿತು, ಕೊನೆಗೆ 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರವಾಗಿ ತೀರ್ಪಿತ್ತಿತು. ನಂದಿನಿ ಎಂಬುದು ಪುರಾಣದ ದೇವತೆಯ, ಹಸುವಿನ ಹೆಸರು. ಮಹಾಮಂಡಳ ಹುಟ್ಟಿಸಿದ ಪದವಲ್ಲ. ಇಬ್ಬರ ಲಾಂಛನಗಳೂ ಬೇರೆ, ಒಂದರಲ್ಲಿ ಹಸು, ಇನ್ನೊಂದರಲ್ಲಿ ದೀಪ. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟು ಉಳಿದವಕ್ಕೆ ಹೋಟೆಲಿಗೆ ನೋಂದಣಿ ಸಿಕ್ಕಿತು. ಅಮೃತಧಾರಾ ತೀರ್ಪಿಗೂ ಇಂಥದೇ ಉತ್ತರಾರ್ಧವಿದೆ. ಎರಡು ಹೆಸರುಗಳು ಗೊಂದಲ ಹುಟ್ಟಿಸುವಷ್ಟು ಹೋಲುತ್ತವೆ ಎಂದ ಮೇಲೂ, ಲಕ್ಷ್ಮಣಧಾರಾ ಬಹುಕಾಲದಿಂದ ಬಹಿರಂಗವಾಗಿ ಮಾರಾಟವಾಗುತ್ತಿದ್ದುದನ್ನು ಪರಿಗಣಿಸಿ, ಉತ್ತರ ಪ್ರದೇಶದ ಮಾರಾಟಕ್ಕೆ ಸೀಮಿತವಾಗಿ ಅದರ ನೋಂದಣಿಗೆ ನ್ಯಾಯಾಲಯ ಒಪ್ಪಿತು. ಸರಕನ್ನು ಸೀಮಿತಗೊಳಿಸುವುದು, ಮಾರುವ ಪ್ರದೇಶವನ್ನು ಸೀಮಿತಗೊಳಿಸುವುದು ಎಂಬ ದಾರಿಗಳು ಕಾನೂನಿನಲ್ಲೇ ಇವೆ. ಅರ್ಜಿಯನ್ನು ಪೂರ್ತಿ ತಿರಸ್ಕರಿಸಿ ಎಂದು ಕೇಳುವ ಆಕ್ಷೇಪಣೆ ಆ ದಾರಿಗಳನ್ನು ಮೊದಲೇ ಮುಚ್ಚಿಬಿಡುತ್ತದೆ.

ಇವೆಲ್ಲ ಕೊನೆಯವರೆಗೆ ಹೋರಾಡಿದವರ ಕಥೆಗಳು. ಹೋರಾಡಲು ಆಗದವರ ಅರ್ಜಿಗಳಿಗೆ ತೀರ್ಪೇ ಇರುವುದಿಲ್ಲ. ಆಕ್ಷೇಪಣೆಯ ಪ್ರತಿ ತಲುಪಿದ ಎರಡು ತಿಂಗಳೊಳಗೆ ಅರ್ಜಿದಾರರು ಪ್ರತಿಹೇಳಿಕೆ ಸಲ್ಲಿಸಬೇಕು. ಸಲ್ಲಿಸದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ ಎಂದು ಕಾಯ್ದೆ ಭಾವಿಸುತ್ತದೆ. ಹೆಸರುಗಳು ನಿಜವಾಗಿ ಹೋಲುತ್ತವೆಯೇ ಎಂದು ಆಗ ಯಾರೂ ತೂಗಿ ನೋಡುವುದಿಲ್ಲ. ನಮ್ಮ ನೆರೆಮನೆಯ ದಂಪತಿ ತಮ್ಮ ತೋಟದ ಹಿಂದಿನ ಬೆಟ್ಟದ ಹೆಸರನ್ನು ಕಾಫಿ ಪುಡಿಗೆ ಇಟ್ಟು, 4,500 ರೂಪಾಯಿ ಕಟ್ಟಿ ಅರ್ಜಿ ಹಾಕಿದ್ದರು. ಹೊರಗಿನ ಒಂದು ಕಂಪನಿಯ ಆಕ್ಷೇಪಣೆ ಇ-ಮೇಲ್‌ನಲ್ಲಿ ಬಂದದ್ದು ಜನವರಿಯಲ್ಲಿ, ರೋಬಸ್ಟಾ ಕೊಯ್ಲಿನ ನಡುವೆ. ಬೆಳಗಾದರೆ ಆಳುಗಳ ಚಿಂತೆ, ಸಂಜೆ ಚೀಲ ತೂಗುವ ಕೆಲಸ, ಕಣದಲ್ಲಿ ಒಣಗಲು ಹಾಕಿದ ಹಣ್ಣಿಗೆ ಮಳೆ ಬಿದ್ದೀತೆಂಬ ಭಯ. ಆ ಇ-ಮೇಲ್ ಅವರ ಕಣ್ಣಿಗೆ ಬಿದ್ದದ್ದು ಏಪ್ರಿಲ್‌ನಲ್ಲಿ, ಹೂಮಳೆ ಮುಗಿದ ಮೇಲೆ. ಕರ್ನಾಟಕದ ಅರ್ಜಿಗಳನ್ನು ನೋಡುವ ಟ್ರೇಡ್‌ಮಾರ್ಕ್ ಕಚೇರಿ ಇರುವುದು ಚೆನ್ನೈಯಲ್ಲಿ. ಅವರು ಮಡಿಕೇರಿಯಲ್ಲಿ ವಿಚಾರಿಸಿದಾಗ ಸಿಕ್ಕ ಉತ್ತರ, ಇನ್ನು ಮಾಡುವುದೇನೂ ಇಲ್ಲ, ಹೊಸ ಹೆಸರು ನೋಡಿಕೊಳ್ಳಿ ಎಂದು.

ಆ ಕಂಪನಿಗೆ ಗಿರಾಕಿಗಳ ಗೊಂದಲವೇ ಚಿಂತೆಯಾಗಿದ್ದರೆ ಒಂದು ಪತ್ರ ಬರೆಯಬಹುದಿತ್ತು. ಬೆಟ್ಟದ ಹೆಸರಿನ ಜೊತೆ ಊರಿನ ಹೆಸರನ್ನೂ ದಪ್ಪಕ್ಷರದಲ್ಲಿ ಸೇರಿಸಿ, ಬಣ್ಣ ಬದಲಿಸಿ ಎಂದಿದ್ದರೆ ಇವರು ಖಂಡಿತ ಒಪ್ಪುತ್ತಿದ್ದರು. ಕೊಡಗಿನ ಕಾಫಿ ಯಾವುದು, ಅಲ್ಲದ್ದು ಯಾವುದು ಎಂಬ ಹೆಚ್ಚು ದೊಡ್ಡ ಗೊಂದಲಕ್ಕಂತೂ 2019ರಲ್ಲಿ ‘ಕೂರ್ಗ್ ಅರೇಬಿಕಾ’ಗೆ ಸಿಕ್ಕ ಭೌಗೋಳಿಕ ಸೂಚಕದ ದಾರಿಯೇ ಸರಿ. ಕೂರ್ಗ್ ಕಿತ್ತಳೆ, ಏಲಕ್ಕಿಗಳಿಗೂ ಇರುವ ಆ ಗುರುತು ಒಂದು ಕಂಪನಿಯದಲ್ಲ, ಅಲ್ಲಿ ಬೆಳೆಯುವ ಎಲ್ಲರದ್ದು.

ನೆರೆಮನೆಯವರು ಈಗ ಮಗಳ ಹೆಸರಿನಲ್ಲಿ ಪುಡಿ ಮಾರುತ್ತಿದ್ದಾರೆ. ಹಳೆಯ ಹೆಸರು ಅಚ್ಚಾದ ಖಾಲಿ ಪೊಟ್ಟಣಗಳ ಮೂರು ಕಟ್ಟು ಅವರ ಅಟ್ಟದ ಮೇಲಿವೆ. ಬೆಟ್ಟ ಮಾತ್ರ ಅವರ ಅಡುಗೆಮನೆಯ ಕಿಟಕಿಯಿಂದ ದಿನವೂ ಕಾಣುತ್ತದೆ.